ಕಡತ ನಿಲ್ಲುವಲ್ಲಿ ಕಾದಂಬರಿ

ಐತಿಹಾಸಿಕ ಕಾದಂಬರಿ ಎಂದೊಡನೆ ನಮ್ಮ ಮನಸ್ಸು ಕೋಟೆ, ಕುದುರೆ, ಕಿರೀಟಗಳತ್ತ ಹೊರಳುತ್ತದೆ. ಕನ್ನಡದ ಪರಂಪರೆಯೇ ಹಾಗಿದೆ. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು ‘ಮಾಧವ ಕರುಣಾ ವಿಲಾಸ’ದಲ್ಲಿ ವಿಜಯನಗರವನ್ನು ಕಂಡರು. ಕೆ.ವಿ. ಅಯ್ಯರ್ ಅವರು ಶಾಂತಲೆಯನ್ನು, ತ.ರಾ.ಸು. ಅವರು ಚಿತ್ರದುರ್ಗದ ನಾಯಕರನ್ನು, ಮಾಸ್ತಿಯವರು ಕೊಡಗಿನ ಕೊನೆಯ ಅರಸನನ್ನು ಕಂಡರು. ಈ ಪರಂಪರೆಯ ಬಗ್ಗೆ ನಮಗೆ ಗೌರವವಿದೆ. ಆದರೆ ಚರಿತ್ರೆ ಅರಮನೆಯ ಬಾಗಿಲಲ್ಲೇ ನಿಂತುಬಿಡುವುದಿಲ್ಲ. ಮುಂಬಯಿಯ ಕನ್ನಡಿಗರ ಬದುಕೂ ಇಂದು ಐತಿಹಾಸಿಕ ಕಾದಂಬರಿಯ ವಸ್ತುವಾಗುವಷ್ಟು ಹಳೆಯದಾಗಿದೆ. ಅದನ್ನು ಬರೆಯಬೇಕಾದ ಕಾಲ ಇದೇ ಎಂಬುದು ನಮ್ಮ ಅಭಿಪ್ರಾಯ.

ಎಷ್ಟು ಹಳೆಯದಾದರೆ ‘ಐತಿಹಾಸಿಕ’? ಇಂಗ್ಲಿಷಿನಲ್ಲಿ ಈ ಪ್ರಕಾರಕ್ಕೆ ರೂಪ ಕೊಟ್ಟ ವಾಲ್ಟರ್ ಸ್ಕಾಟ್ 1814ರಲ್ಲಿ ‘ವೇವರ್ಲಿ’ಯನ್ನು ಪ್ರಕಟಿಸಿದಾಗ, ಇದು ಅರವತ್ತು ವರ್ಷಗಳ ಹಿಂದಿನ ಕಥೆ ಎಂದು ಉಪಶೀರ್ಷಿಕೆಯಲ್ಲೇ ಸೂಚಿಸಿದ. ಅದರ ವಸ್ತು 1745ರ ಸ್ಕಾಟಿಷ್ ದಂಗೆ. ಆ ದಂಗೆಯಲ್ಲಿ ಪಾಲ್ಗೊಂಡಿದ್ದ ವೃದ್ಧರ ಬಾಯಿಂದಲೇ ಅವನು ಬಾಲ್ಯದಲ್ಲಿ ಕಥೆಗಳನ್ನು ಕೇಳಿದ್ದ. ಅರವತ್ತು ವರ್ಷ ಒಂದು ವಿಶಿಷ್ಟ ಅಂತರ. ರೀತಿನೀತಿಗಳು ಬದಲಾಗಿರುತ್ತವೆ, ಕಂಡವರು ಮಾತ್ರ ಇನ್ನೂ ಕೆಲವರು ಉಳಿದಿರುತ್ತಾರೆ. ಇಂದು ಅರವತ್ತು ವರ್ಷ ಹಿಂದಕ್ಕೆ ಹೋದರೆ ನಾವು ತಲುಪುವುದು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ತಿದ್ದಿದ ಹುಡುಗರ ಮುಂಬಯಿಯನ್ನು. ಅವರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಹತ್ತು ವರ್ಷಗಳ ಅನಂತರ ಈ ಮಾತನ್ನು ಹೇಳಲಾಗದು.

ಲೇಖಕರ ಬದುಕಿನ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಬೇಕು. ಸ್ಕಾಟ್ ನ್ಯಾಯಾಲಯದ ಅಧಿಕಾರಿಯಾಗಿದ್ದವನು. ಇಂಗ್ಲಿಷ್ ಎಂ.ಎ. ಮುಗಿಸಿದ ಮಾಸ್ತಿ ಮೈಸೂರು ಸಂಸ್ಥಾನದ ಸಿವಿಲ್ ಸೇವೆಯಲ್ಲಿ ದಶಕಗಳ ಕಾಲ ದುಡಿದರು. ‘ಶಾಂತಲಾ’ ಬರೆದ ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು. ಮರಾಠಿಯಲ್ಲಿ ‘ಪಾನಿಪತ್’ ಬರೆದ ವಿಶ್ವಾಸ ಪಾಟೀಲರು ಐ.ಎ.ಎಸ್. ಅಧಿಕಾರಿಯಾಗಿದ್ದವರು, ಮುಂಬಯಿಯ ಗಿರಣಿ ಕಾರ್ಮಿಕರ ಬದುಕನ್ನೂ ಅವರು ‘ಲಸ್ಟ್ ಫಾರ್ ಲಾಲ್‌ಬಾಗ್’ ಕಾದಂಬರಿಯಲ್ಲಿ ಚಿತ್ರಿಸಿದರು. ಕಚೇರಿಯ ಕೆಲಸ ಸಾಹಿತ್ಯಕ್ಕೆ ಶತ್ರು ಎಂಬ ಮಾತು ನಮಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕಡತ ಓದಿ ಬಲ್ಲವನಿಗೆ ಒಂದೇ ಪ್ರಕರಣದಲ್ಲಿ ಪರಸ್ಪರ ವಿರುದ್ಧವಾದ ಮೂರು ಹೇಳಿಕೆಗಳಿರುತ್ತವೆ, ಮೂರರಲ್ಲೂ ಅಷ್ಟಿಷ್ಟು ಸತ್ಯವಿರುತ್ತದೆ ಎಂಬುದು ತಿಳಿದಿರುತ್ತದೆ. ‘ಚಿಕವೀರ ರಾಜೇಂದ್ರ’ದ ಬಲ ಇರುವುದು ಈ ತಿಳಿವಳಿಕೆಯಲ್ಲೇ. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡಿತು. ಮಾಸ್ತಿ ಅರಸನ ದುರಾಚಾರವನ್ನು ಮುಚ್ಚಿಡಲಿಲ್ಲ. ಹಾಗೆಂದು ಕಂಪನಿಯನ್ನು ಉದ್ಧಾರಕನನ್ನಾಗಿಯೂ ಮಾಡಲಿಲ್ಲ. ಒಂದು ರಾಜ್ಯ ಒಳಗಿನಿಂದ ಹೇಗೆ ಕುಸಿಯುತ್ತದೆ ಎಂಬುದನ್ನು ತಾಳ್ಮೆಯಿಂದ ಪರಿಶೀಲಿಸಿದರು.

ಕಡತ ಎಲ್ಲಿ ನಿಲ್ಲುತ್ತದೆ, ಕಾದಂಬರಿ ಎಲ್ಲಿ ತೊಡಗುತ್ತದೆ ಎಂಬುದಕ್ಕೆ ನಾವು ವಾಸಿಸುವ ಭಾಂಡುಪ್ಪೇ ಉದಾಹರಣೆ. ಬೊಂಬಾಯಿ ಸರ್ಕಾರದ ಮುಖ್ಯ ಎಂಜಿನಿಯರ್ ಜಾರ್ಜ್ ಕ್ಲಾರ್ಕ್‌ಗೆ ಠಾಣೆ, ಕಲ್ಯಾಣಗಳತ್ತ ರೈಲುಮಾರ್ಗ ಹಾಕುವ ಯೋಚನೆ ಮೊದಲು ಹೊಳೆದದ್ದು 1843ರಲ್ಲಿ, ಭಾಂಡುಪ್‌ಗೆ ಬಂದಿದ್ದಾಗ ಎಂದು ರೈಲ್ವೆಯ ಇತಿಹಾಸ ಹೇಳುತ್ತದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ದಾಖಲೆ ಇಷ್ಟನ್ನು ಕೊಡುತ್ತದೆ. ಕ್ಲಾರ್ಕ್‌ನ ಕುದುರೆಗೆ ನೀರು ಕೊಟ್ಟವನು ಯಾರು, ಹಳಿಯ ಕೆಳಗೆ ಗದ್ದೆ ಹೋದವನ ಮನೆಯಲ್ಲಿ ಅಂದು ಏನು ಮಾತು ನಡೆಯಿತು ಎಂಬುದು ಅದರ ವ್ಯಾಪ್ತಿಯಲ್ಲ. ಕಾದಂಬರಿಕಾರನ ಸ್ವಾತಂತ್ರ್ಯ ಅಲ್ಲಿಂದ ಮುಂದಿನದು. ದಾಖಲೆ ಹೇಳಿದ್ದನ್ನು ತಿರುಚುವ ಸ್ವಾತಂತ್ರ್ಯ ಅವನಿಗಿಲ್ಲ. ಅದು ಹೇಳದೆ ಬಿಟ್ಟದ್ದನ್ನು ಊಹಿಸುವ ಹೊಣೆ ಇದೆ.

ಇನ್ನು ನಮ್ಮವರ ಕಥೆ. 1955ರಲ್ಲಿ ಕಾರವಾರದಿಂದಲೋ ಧಾರವಾಡದಿಂದಲೋ ಮುಂಬಯಿಗೆ ಬಂದ ಹುಡುಗ ತನ್ನದೇ ರಾಜ್ಯದ ರಾಜಧಾನಿಗೆ ಬಂದಿದ್ದ. ಆ ಜಿಲ್ಲೆಗಳು ಆಗ ಮುಂಬಯಿ ರಾಜ್ಯಕ್ಕೆ ಸೇರಿದ್ದವು. ಉಡುಪಿಯಿಂದ ಬಂದವನು ಮದರಾಸು ರಾಜ್ಯದವನು. 1956ರ ನವೆಂಬರ್ 1ರಂದು ಇಬ್ಬರೂ, ನಿಂತ ನೆಲದಿಂದ ಕದಲದೆಯೇ, ಮೈಸೂರು ರಾಜ್ಯದವರಾದರು. ಊರು ಕನ್ನಡನಾಡಿಗೆ ಸೇರಿದ ದಿನವೇ ಕಾರವಾರದ ಹುಡುಗ ಹೊರನಾಡ ಕನ್ನಡಿಗನಾದ. 1960ರ ಮೇ 1ರಂದು ಅವನು ನಿಂತಿದ್ದ ನೆಲ ಮಹಾರಾಷ್ಟ್ರವಾಯಿತು. ಅರಮನೆಯ ಒಳಸಂಚಿಗಿಂತ ಇದರಲ್ಲಿ ನಾಟಕ ಕಡಿಮೆಯೇ? ಅಂದು ಸಂಜೆ ಆ ಹುಡುಗ ಸಂತೋಷಪಟ್ಟನೋ, ಅಳುಕಿದನೋ, ಅಥವಾ ಎಂದಿನಂತೆ ಲೋಟ ತೊಳೆಯುತ್ತ ಏನೂ ತಿಳಿಯದೆ ಉಳಿದನೋ? ಯಾವ ಗೆಜೆಟ್ಟೂ ಇದಕ್ಕೆ ಉತ್ತರಿಸದು.

ಬರೆಯಲು ಕುಳಿತಾಗಿನ ಕಷ್ಟಗಳು ಬೇರೆ. ಹಿರಿಯರ ನೆನಪಿಗೆ ತಾರೀಖುಗಳಿರುವುದಿಲ್ಲ. ‘ಆ ದೊಡ್ಡ ಮಳೆಯ ವರ್ಷ’, ‘ಟ್ರಾಮು ಇದ್ದಾಗ’ ಎಂಬ ಗುರುತುಗಳಿರುತ್ತವೆ. ಟ್ರಾಮು ಕೊನೆಯ ಬಾರಿ ಓಡಿದ್ದು 1964ರ ಮಾರ್ಚ್ 31ರಂದು ಎಂದು ಹುಡುಕಿಕೊಂಡ ಮೇಲೆ ಆ ನೆನಪಿಗೊಂದು ಆಧಾರ ದೊರೆಯುತ್ತದೆ. ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಅಲ್ಲಿಂದಾಚೆಗೆ ಗಲ್ಲಾದ ಲೆಕ್ಕದ ಮಾತೇ ಬೇರೆ. ಇವೆಲ್ಲ ಶ್ರಮದಿಂದ ಒಲಿಯುತ್ತವೆ. ನಿಜವಾದ ಕಷ್ಟ ಇಂದಿನ ನಮ್ಮ ಅಭಿಪ್ರಾಯಗಳನ್ನು ಅಂದಿನವರ ಬಾಯಿಗೆ ಹಾಕದಿರುವುದು. ಹೋಟೆಲಿನ ಹುಡುಗನನ್ನು ಶೋಷಿತನೆಂದೋ ಸಾಹಸಿಯೆಂದೋ ಹೆಸರಿಡುವ ಆತುರ ನಮ್ಮದು. ಅವನಿಗೆ ಅಂದು ಬೇಕಾಗಿದ್ದದ್ದು ಊಟ, ಊರಿಗೆ ಕಳಿಸಲು ಹಣ, ಮಲಗಲು ಸ್ವಲ್ಪ ಜಾಗ.

ಚಿತ್ತಾಲರ ‘ಶಿಕಾರಿ’, ಬಲ್ಲಾಳರ ‘ಬಂಡಾಯ’ ಇರುವಾಗ ಇದೆಲ್ಲ ಏಕೆ ಎಂದು ಕೇಳಬಹುದು. ಅವರು ತಮ್ಮ ವರ್ತಮಾನವನ್ನು ಬರೆದರು. ಆ ವರ್ತಮಾನ ಎಲ್ಲಿಂದ ಬಂತು, ಮುಂದೆ ಏನಾಯಿತು ಎಂದು ನೋಡುವ ದೂರ ನಮಗೆ ಈಗ ದೊರೆತಿದೆ. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರಕ್ಕೇ ನಾಲ್ಕು ದಶಕ ಕಳೆದಿವೆ. ಭಾಂಡುಪ್‌ನ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಲ್ಲಿ ಕಾರ್ಖಾನೆಯ ಭೋಂಗಾ ಕೇಳುತ್ತಿದ್ದ ಕಡೆಗಳಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ.

ಆದ್ದರಿಂದ ನಮ್ಮ ಬಳಗದ ಬರಹಗಾರರಲ್ಲಿ ಒಂದು ವಿನಂತಿ. ಕಾದಂಬರಿ ಬರೆಯುವುದು ಆಮೇಲಾದರೂ ಆಗಲಿ; ಈ ವಾರ ಒಬ್ಬ ಹಿರಿಯರ ಬಳಿ ಕುಳಿತು ಮೊದಲ ಸಂಬಳ ಎಷ್ಟು, ಮೊದಲ ರಾತ್ರಿ ಮಲಗಿದ್ದು ಎಲ್ಲಿ, ಪತ್ರ ಬರೆದುಕೊಟ್ಟವರು ಯಾರು ಎಂದು ಕೇಳಿ ಬರೆದಿಟ್ಟುಕೊಳ್ಳೋಣ. ಅರಸರಿಗೆ ಶಾಸನಗಳಿದ್ದವು, ಬಖೈರುಗಳಿದ್ದವು. ಇವರಿಗೆ ಇರುವುದು ನಾವು ಮಾತ್ರ.