ಮಾವನ ನೋಟ್‌ಬುಕ್ಕು, ನನ್ನ ಮೈನಸ್ಸು

ವಿಜಯಪುರಕ್ಕೆ ಬಂದಿಳಿದವನು ಬಬಲೇಶ್ವರದ ಮನೆಗೆ ಹೋಗೋ ಮೊದಲು ತಿಕೋಟಾಕ್ಕೆ, ಸೋದರಮಾವನ ದ್ರಾಕ್ಷಿ ತೋಟಕ್ಕೆ ಹೋದೆ. "ಪಿಎಚ್‌ಡಿ ನಾಲ್ಕನೇ ವರ್ಷ ಅಲ್ಲೇನೋ? ಉತ್ತರ ಬಂತೇನು?" ಅಂದ್ರು ಮಾವ.

ಬಂದಿಲ್ಲ. ನ್ಯೂಟ್ರಾನ್ ನಕ್ಷತ್ರದ ಒಡಲಲ್ಲಿ ಕಿಕ್ಕಿರಿದ ಕ್ವಾರ್ಕ್‌ಗಳು ಹೇಗಿರುತ್ತವೆ ಅನ್ನೋದು ನನ್ನ ಪ್ರಶ್ನೆ. ದೇಶಕಾಲವನ್ನು ಚೌಕಳಿ ಜಾಲ ಮಾಡಿ ಕಂಪ್ಯೂಟರಿಗೆ ಕೊಡ್ತೀವಿ. ಸಾಧ್ಯ ಸ್ಥಿತಿಗಳು ಎಣಿಸೋಕಾಗದಷ್ಟು. ಅದಕ್ಕೇ ಹೆಚ್ಚು ತೂಕದವನ್ನು ಹೆಚ್ಚು ಸಲ ಆರಿಸಿ ಸರಾಸರಿ ತೆಗೀತೀವಿ. ಆದರೆ ಸಾಂದ್ರತೆ ಸೇರಿಸಿದ ಕೂಡಲೇ ಆ ತೂಕಗಳಿಗೆ ಮೈನಸ್ ಅಂಟಿಕೊಳ್ಳುತ್ತೆ (ನಿಜಕ್ಕೂ ಅವು ಸಂಕೀರ್ಣ ಸಂಖ್ಯೆಗಳೇ ಆಗ್ತವೆ). ಇದೇ ಸೈನ್ ಪ್ರಾಬ್ಲಂ.

ಮಾವನಿಗೆ ಹೇಗೆ ಹೇಳೋದು? ಅವರ ಖರ್ಚಿನ ನೋಟ್‌ಬುಕ್ಕೇ ತೆಗೆದೆ. ಬಂದದ್ದು 8,40,000, ಹೋದದ್ದು 8,36,000. ಉಳಿದದ್ದು 4,000. ಎರಡರಲ್ಲಿ ಒಂದನ್ನು ಶೇ. 1ರಷ್ಟು ತಪ್ಪು ಬರೆದಿದ್ದರೂ ಲಾಭವೋ ಲುಕ್ಸಾನೋ ಗೊತ್ತಾಗಲ್ಲ. ನನ್ನ ಜಾಲ ದೊಡ್ಡದಾದಷ್ಟೂ ಆ 4,000 ವಿಪರೀತ ಸಣ್ಣದಾಗ್ತಾ ಹೋಗುತ್ತೆ. ತಪ್ಪನ್ನು ಹತ್ತು ಪಟ್ಟು ಇಳಿಸೋಕೆ ನೂರು ಪಟ್ಟು ಲೆಕ್ಕ ಬೇಕು. ಎಲ್ಲದಕ್ಕೂ ಒಂದೇ ಮದ್ದು ಸಿಗೋದು ಕಷ್ಟ ಅಂತ ಟ್ರಾಯರ್, ವೀಸ್ 2005ರಲ್ಲೇ ತೋರಿಸಿದ್ದಾರೆ.

"ಗೊತ್ತಿದ್ದೂ ಯಾಕ್ ಹಿಡದಿ?" ಅಂದ್ರು. ಹುಂಬತನ, ಇನ್ನೇನು! ಮೂರು ವರ್ಷ ಲೆಫ್‌ಶೆಟ್ಜ್ ಥಿಂಬಲ್ ದಾರಿ ಹಿಡಿದಿದ್ದೆ: ಲೆಕ್ಕವನ್ನೇ ಸಂಕೀರ್ಣ ಸಂಖ್ಯೆಗಳ ಕಡೆ ತಿರುಗಿಸಿ, ಪ್ಲಸ್ ಮೈನಸ್ ಜಗಳ ಕಡಿಮೆ ಇರೋ ಜಾಗ ಹುಡುಕೋದು. ಪುಟ್ಟ ಮಾದರಿಗಳಲ್ಲಿ ಚೆಂದ ನಡೀತು. ಜಾಲ ಹಿಗ್ಗಿಸಿದೆ, ಕೈಗೆ ಸಿಕ್ಕಿದ್ದು ಬರೀ ಎರರ್ ಬಾರ್.

ಫೆಲೋಶಿಪ್ಪಿಗೆ ಇನ್ನು ಒಂದೇ ವರ್ಷ. ಈಗ ಟೇಲರ್ ಸರಣಿಗೆ ಹೊರಳಿದ್ದೀನಿ. ಮುಂಬೈನ ಟಿಐಎಫ್‌ಆರ್‌ನಲ್ಲಿ ಗವಾಯ್, ಗುಪ್ತಾ ಇದರಲ್ಲಿ ಮೊದಲಿಂದ ದುಡಿದವರು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರಸಾದ್ ಹೆಗಡೆ ಇದೇ ಬಗೆಯ ಕೆಲಸದಲ್ಲಿದ್ದಾರೆ. ಸಾಂದ್ರತೆ ಸೊನ್ನೆ ಇರೋ ಕಡೆ, ಮೈನಸ್ ಕಾಟ ಇಲ್ಲದಲ್ಲಿ, ನಿಂತು ಅಲ್ಲಿನ ಏರಿಳಿತ ಅಳೆದು ಮುಂದಿನದನ್ನು ಅಂದಾಜು ಮಾಡೋದು. ಉತ್ತರ ಬರುತ್ತೆ. ಆದರೆ ಬಹಳ ದೂರ ಹೋಗಲ್ಲ: ಕುದಿಬಿಸಿಯ, ಕಡಿಮೆ ಸಾಂದ್ರತೆಯ ವಸ್ತುವಿನವರೆಗೆ ಅಷ್ಟೇ.

"ಹಂಗಾರ ನಕ್ಷತ್ರ ಬಿಟ್ಟಿ?"

"ಸದ್ಯಕ್ಕ ಬಿಟ್ಟೀನ್ರಿ ಮಾವ."

"ನಾನೂ ಈ ಸಲ ಒಂದೆಕರೆ ದ್ರಾಕ್ಷಿ ಕಿತ್ತು ತೊಗರಿ ಹಾಕೀನಿ," ಅಂದು ನೋಟ್‌ಬುಕ್ಕು ಮಡಚಿದ್ರು. ಸಂಜೆ ಬಬಲೇಶ್ವರದ ಬಸ್ ಹತ್ತಿಸಿ ಹೋದ್ರು. ಅವ್ವಗ ಇನ್ನೂ ಹೇಳಿಲ್ಲ.