ಡಬ್ಬಿಯ ಪುಡಿ ಮತ್ತು ತೀರದ ಸುಸ್ತು

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಕಡೆ ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನಿಂದ ಹೊರಬರುವವರಿಗೆ ಗೇಟಿನ ಪಕ್ಕದಲ್ಲಿ ಒಂದು ಪುಟ್ಟ ಮೇಜು ಕಾಣಿಸುವುದುಂಟು. ಮೇಜಿನ ಬದಿಗೆ ತೂಕದ ಯಂತ್ರ, ಮೇಲೆ ಒಂದು ಕಟ್ಟು ಅಚ್ಚು ಹಾಕಿಸಿದ ಹಾಳೆ, ಹಿಂದೆ ನಗುಮುಖದ ಒಬ್ಬರು. 'ಬನ್ನಿ ಸಾರ್, ಫ್ರೀ ಬಾಡಿ ಚೆಕಪ್' ಎಂದು ಕರೆಯುತ್ತಾರೆ. ಬರಿಗಾಲಿನಲ್ಲಿ ಯಂತ್ರದ ಮೇಲೆ ನಿಂತರೆ ತೂಕ ಇಷ್ಟು, ಕೊಬ್ಬು ಇಷ್ಟು, ನಿಮಗೆ 46 ವರ್ಷವಾದರೂ ನಿಮ್ಮ ದೇಹದ ವಯಸ್ಸು 61 ಎಂದು ಬರೆದುಕೊಡುತ್ತಾರೆ. ಯಾರಿಗೆ ತಾನೇ ಗಾಬರಿಯಾಗುವುದಿಲ್ಲ? ಅಲ್ಲಿಂದ ಮುಂದೆ ಹತ್ತಿರದ ಯಾವುದೋ ಮನೆಯ ಮಹಡಿಯಲ್ಲಿ ನಡೆಯುವ 'ಕ್ಲಬ್'ಗೆ ಆಹ್ವಾನ. ಅಲ್ಲಿ ಬೆಳಗಿನ ತಿಂಡಿಯ ಬದಲು ಒಂದು ಲೋಟ ಶೇಕ್. ತೂಕವೂ ಇಳಿಯುತ್ತದೆ, ಸುಸ್ತೂ ಹೋಗುತ್ತದೆ ಎಂಬ ಭರವಸೆ.

ಮೊದಲು ಆ ಯಂತ್ರದ ವಿಚಾರ. ಅದು ಕಾಲಿನ ಮೂಲಕ ಬಹಳ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿ, ಮೈಯ ನೀರಿನಂಶದ ಮೇಲೆ ಕೊಬ್ಬಿನ ಲೆಕ್ಕವನ್ನು ಅಂದಾಜು ಮಾಡುತ್ತದೆ. ಒಂದು ತಂಬಿಗೆ ನೀರು ಕುಡಿದು ನಿಂತರೂ, ಬೆವರಿ ಬಂದು ನಿಂತರೂ ಅಂಕಿ ಬದಲಾಗುತ್ತದೆ. 'ದೇಹದ ವಯಸ್ಸು' ಎಂಬುದಂತೂ ಯಂತ್ರ ತಯಾರಿಸಿದವರ ಗಣಿತ. ಆ ಅಂಕಿಯನ್ನು ನೋಡಿ ನಾವು ಚಿಕಿತ್ಸೆ ನಿರ್ಧರಿಸುವುದಿಲ್ಲ. ನಿಮಗೆ ನಿಜವಾಗಿ ಬೇಕಾದದ್ದು ದರ್ಜಿಯ ಟೇಪು. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಭಾರತೀಯರಿಗೆ ಈ ಮಿತಿಯನ್ನು ಪಾಶ್ಚಾತ್ಯರಿಗಿಂತ ಕಡಿಮೆ ಇಟ್ಟಿರುವುದಕ್ಕೆ ಕಾರಣವಿದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ನಮ್ಮ ಮೈಕಟ್ಟಿಗೆ ಸಕ್ಕರೆ ಕಾಯಿಲೆ ಬೇಗ ಅಂಟಿಕೊಳ್ಳುತ್ತದೆ.

ಇನ್ನು ಶೇಕ್. ಡಬ್ಬಿಯಲ್ಲಿರುವುದು ಬಹುಮಟ್ಟಿಗೆ ಸೋಯಾ ಅಥವಾ ಹಾಲಿನ ಪ್ರೋಟೀನ್, ಒಂದಿಷ್ಟು ಸಕ್ಕರೆ ಅಥವಾ ಪಿಷ್ಟ, ನಾರು, ಜೀವಸತ್ವಗಳು, ಖನಿಜಾಂಶ, ಪರಿಮಳ. ಸುಮಾರು 25 ಗ್ರಾಂ ಪುಡಿಯನ್ನು ಒಂದು ದೊಡ್ಡ ಲೋಟ ಹಾಲಿನಲ್ಲಿ ಕದಡಿದರೆ 200ರಿಂದ 250 ಕ್ಯಾಲರಿ. ಎರಡು ಹೊತ್ತು ಇದನ್ನೇ ಕುಡಿದು ಒಂದು ಹೊತ್ತು ಊಟ ಮಾಡಿದವರಿಗೆ ದಿನಕ್ಕೆ 1000-1200 ಕ್ಯಾಲರಿಯೂ ಸೇರುವುದಿಲ್ಲ. ತೂಕ ಇಳಿಯದೆ ಏನು ಮಾಡೀತು? ಇಳಿಸಿದ್ದು ಪುಡಿಯೊಳಗಿನ ಯಾವ ಗುಟ್ಟೂ ಅಲ್ಲ, ಬಿಟ್ಟ ಊಟ.

ಹಾಗೆಂದು ಇದನ್ನು ವಿಷ ಎಂದು ಕರೆಯುವವರ ಸಾಲಿನಲ್ಲಿ ನಾನಿಲ್ಲ. ನಮ್ಮ ಮನೆಗಳಲ್ಲಿ ಮಿತಿಯಾಗಿ ತಿನ್ನುವುದು ಎಷ್ಟು ಕಷ್ಟ ಎನ್ನುವುದು ಎಲ್ಲರಿಗೂ ಗೊತ್ತು. ಮೂರನೆಯ ದೋಸೆ ಬೇಡವೆಂದರೆ 'ಯಾಕೆ, ಚೆನ್ನಾಗಿಲ್ವಾ?' ಎಂದು ಅಮ್ಮ ಕೇಳುತ್ತಾರೆ. ಗಾಂಧಿ ಬಜಾರಿಗೆ ಹೂವು ತರಲು ಹೋದವರು ವಿದ್ಯಾರ್ಥಿ ಭವನದ ಮುಂದೆ ಸುಮ್ಮನೆ ದಾಟಿ ಬರುವುದಿಲ್ಲ. ಅಳತೆ ಮಾಡಿ ಇಟ್ಟ ಒಂದು ಲೋಟ ಈ ಗೊಂದಲವನ್ನೆಲ್ಲ ತಪ್ಪಿಸುತ್ತದೆ, ನಿಜ.

ವೈದ್ಯಕೀಯದಲ್ಲೂ ಇದಕ್ಕೆ ಜಾಗವಿದೆ. ಬ್ರಿಟನ್ನಿನ ನ್ಯೂಕ್ಯಾಸಲ್ ಮತ್ತು ಗ್ಲಾಸ್ಗೋ ವಿಶ್ವವಿದ್ಯಾಲಯಗಳ ವೈದ್ಯರು 'ಡೈರೆಕ್ಟ್' ಎಂಬ ಅಧ್ಯಯನ ನಡೆಸಿ 2017ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಸಕ್ಕರೆ ಕಾಯಿಲೆ ಬಂದು ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದ 306 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮೂರರಿಂದ ಐದು ತಿಂಗಳು ಶೇಕ್ ಮತ್ತು ಸೂಪು ಮಾತ್ರ. ದಿನಕ್ಕೆ ಸುಮಾರು 850 ಕ್ಯಾಲರಿ. ವರ್ಷದ ಕೊನೆಗೆ ಅವರಲ್ಲಿ ಶೇ. 46 ಮಂದಿಗೆ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಗೆ ಬಂದಿತ್ತು. ಉಳಿದರ್ಧದಲ್ಲಿ ಇದು ಬರೀ ಶೇ. 4. ಎರಡನೆಯ ವರ್ಷದ ಹೊತ್ತಿಗೆ 46 ಎಂಬುದು 36ಕ್ಕೆ ಇಳಿಯಿತು, ಐದು ವರ್ಷದವರೆಗೆ ಗಮನಿಸಿದವರಲ್ಲಿ ಶೇ. 13ಕ್ಕೆ. ಕಳೆದುಕೊಂಡ ತೂಕ ಮರಳಿ ಬಂದಂತೆಲ್ಲ ಕಾಯಿಲೆಯೂ ಮರಳಿತು. ಶೇಕ್ ಮಾರುವವರು ಮೊದಲನೆಯ ಅಂಕಿಯನ್ನು ಹೇಳುತ್ತಾರೆ, ಕೊನೆಯದನ್ನು ಹೇಳುವುದಿಲ್ಲ. ಇನ್ನೂ ಒಂದು ಮಾತನ್ನು ಹೇಳುವುದಿಲ್ಲ. ಅಲ್ಲಿ ಮೊದಲ ದಿನವೇ ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ವೈದ್ಯರ ಉಸ್ತುವಾರಿಯಲ್ಲಿ ನಿಲ್ಲಿಸಿದ್ದರು. ತರಬೇತಾದ ನರ್ಸ್ ಅಥವಾ ಆಹಾರತಜ್ಞರು ರೋಗಿಗಳನ್ನು ಮತ್ತೆ ಮತ್ತೆ ಕರೆಸಿ ನೋಡುತ್ತಿದ್ದರು. ಶೇಕ್ ನಿಲ್ಲಿಸಿ ಊಟಕ್ಕೆ ಮರಳುವುದಕ್ಕೂ ವಾರಗಟ್ಟಲೆ ಕ್ರಮವಿತ್ತು.

ಉಸ್ತುವಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಪಾಠವೊಂದಿದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ 'ದ್ರವ ಪ್ರೋಟೀನ್' ಪಥ್ಯದ ಹುಚ್ಚು ಹಬ್ಬಿತ್ತು. ದನದ ಚರ್ಮ, ಮೂಳೆ, ಸ್ನಾಯುರಜ್ಜುಗಳಿಂದ ತೆಗೆದ ಕೀಳು ದರ್ಜೆಯ ಪ್ರೋಟೀನ್ ಅದು. ತಿಂಗಳುಗಟ್ಟಲೆ ಅದನ್ನೇ ಕುಡಿದವರಲ್ಲಿ ಹತ್ತಾರು ಮಂದಿ ಹೃದಯದ ಬಡಿತ ಏರುಪೇರಾಗಿ ಸತ್ತರು. ಇಂದಿನ ಪುಡಿಗಳು ಅಂಥವಲ್ಲ. ಆದರೆ ಬೇಗ ಇಳಿದದ್ದು ಬೇಗ ಏರುತ್ತದೆ ಎಂಬುದು ಬದಲಾಗಿಲ್ಲ. 1988ರಲ್ಲಿ ಟೆಲಿವಿಷನ್ ತಾರೆ ಓಪ್ರಾ ವಿನ್‌ಫ್ರೇ ದ್ರವಾಹಾರದಿಂದ 30 ಕಿಲೋ ಇಳಿಸಿ, ಅಷ್ಟೇ ತೂಕದ ಕೊಬ್ಬನ್ನು ಗಾಡಿಯಲ್ಲಿಟ್ಟು ವೇದಿಕೆಗೆ ಎಳೆದುತಂದು ತೋರಿಸಿದ್ದರು. ಆ ತೂಕ ಬಹುಬೇಗ ಹಿಂತಿರುಗಿತೆಂದು ಆಮೇಲೆ ಅವರೇ ಹೇಳಿಕೊಂಡರು.

ಇಷ್ಟು ತೂಕದ ಮಾತಾಯಿತು. ನನಗೆ ಹೆಚ್ಚು ಚಿಂತೆ ತಂದಿರುವುದು ಇನ್ನೊಂದು ಭರವಸೆ: ಸುಸ್ತು ಹೋಗುತ್ತದೆ ಎಂಬುದು.

ಹನುಮಂತನಗರದ ಕಡೆಯ ಒಬ್ಬ ಗೃಹಿಣಿ, ನಲವತ್ತನಾಲ್ಕು ವರ್ಷ. 'ಡಾಕ್ಟ್ರೇ, ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತೆ' ಎಂದು ಬಂದರು. ವರ್ಷದಿಂದ ಸುಸ್ತು. ಪರಿಚಯದವರೊಬ್ಬರು ಶೇಕ್ ಕೊಡಿಸಿದ್ದರು. ಮೂರು ತಿಂಗಳಲ್ಲಿ ಐದು ಕಿಲೋ ಇಳಿದು ಎಲ್ಲರಿಂದ ಹೊಗಳಿಸಿಕೊಂಡೂ ಆಗಿತ್ತು. ಸುಸ್ತು ಮಾತ್ರ ಹೋಗಲಿಲ್ಲ. 'ದೇಹದ ಕಲ್ಮಶ ಹೊರಗೆ ಹೋಗುವಾಗ ಹಾಗಾಗುತ್ತೆ, ಇನ್ನೊಂದು ಡಬ್ಬಿ ತೊಗೊಳ್ಳಿ' ಎಂದಿದ್ದರಂತೆ. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರೆ ಒಳಗೆಲ್ಲ ಕಾಗದದ ಹಾಗೆ ಬಿಳಿ. ಹಿಮೋಗ್ಲೋಬಿನ್ 6.8. ಮುಟ್ಟಿನಲ್ಲಿ ವರ್ಷದಿಂದ ವಿಪರೀತ ರಕ್ತ ಹೋಗುತ್ತಿತ್ತು. ಅದನ್ನು ಅವರಾಗಿ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದಲ್ಲಿ ಗಡ್ಡೆ ಕಂಡಿತು. ಕ್ಯಾನ್ಸರ್ ಅಲ್ಲ, ಪುಣ್ಯ. ಕಬ್ಬಿಣಾಂಶದ ಚುಚ್ಚುಮದ್ದು, ಸ್ತ್ರೀರೋಗ ತಜ್ಞರ ಚಿಕಿತ್ಸೆ ಆದ ಮೇಲೆ ಈಗ ಗವಿ ಗಂಗಾಧರೇಶ್ವರನ ಗುಡಿಗೆ ನಡೆದೇ ಹೋಗಿ ಬರುತ್ತಾರೆ.

ಇದು ಅಪರೂಪದ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ದಪ್ಪಗಿದ್ದವರಿಗೆ ರಕ್ತ ಕಡಿಮೆಯಿರಲಾರದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಅದು ತಪ್ಪು. ಅದರ ಜೊತೆಗೆ ಥೈರಾಯ್ಡ್ ಗ್ರಂಥಿ ಮಂದವಾದರೆ ಸುಸ್ತೂ ಬರುತ್ತದೆ, ತೂಕವೂ ಏರುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಗುಂಡುಗುಂಡಾಗಿದ್ದೂ ಕಾಲು ಜೋಮು ಹಿಡಿಯುವ ಹಿರಿಯರನ್ನು ನಮ್ಮ ಪೇಟೆಗಳಲ್ಲಿ ವಾರಕ್ಕೊಬ್ಬರಾದರೂ ನೋಡುತ್ತೇನೆ. ಹತೋಟಿಯಿಲ್ಲದ ಸಕ್ಕರೆ, ಮೂತ್ರಪಿಂಡದ ತೊಂದರೆ, ಮನಸ್ಸಿನ ಖಿನ್ನತೆ, ಎಲ್ಲವೂ 'ಶಕ್ತಿಯೇ ಇಲ್ಲ' ಎಂಬ ಒಂದೇ ಮಾತಿನಲ್ಲಿ ಬರುತ್ತವೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವ ಯಜಮಾನರಿಗೆ ರಾತ್ರಿಯಿಡೀ ಮಲಗಿದ್ದರೂ ನಿದ್ದೆಯಾಗಿರುವುದಿಲ್ಲ; ಹಗಲೆಲ್ಲ ತೂಕಡಿಕೆ. ಇವುಗಳಲ್ಲಿ ಯಾವುದನ್ನೂ ಪಾರ್ಕಿನ ಯಂತ್ರ ಹೇಳುವುದಿಲ್ಲ.

ಹಾಗಾದರೆ ಶೇಕ್ ಕುಡಿದ ಅನೇಕರಿಗೆ ಹುರುಪು ಬಂದದ್ದು ಸುಳ್ಳೇ? ಸುಳ್ಳಲ್ಲ. ಮನೆಯವರಿಗೆಲ್ಲ ಡಬ್ಬಿ ಕಟ್ಟಿ ಕಳುಹಿಸಿ, ಬರೀ ಎರಡು ಲೋಟ ಕಾಫಿಯ ಮೇಲೆ ಹನ್ನೊಂದು ಗಂಟೆಯವರೆಗೆ ತಳ್ಳುತ್ತಿದ್ದ ಹೆಂಗಸು ಏಳಕ್ಕೇ ಏನಾದರೂ ಹೊಟ್ಟೆಗೆ ಹಾಕಿದರೆ ಚೇತರಿಕೆ ಬಂದೇ ಬರುತ್ತದೆ. ಶೇಕ್ ಜೊತೆಗೆ ಕೊಡುವ ಕೆಲವು ಪಾನೀಯಗಳಲ್ಲಿ ಚಹಾದ ಸತ್ವ, ಕೆಫೀನ್ ಇರುತ್ತವೆ; ಅದು ಕಾಫಿಯ ಹುರುಪೇ. ಮತ್ತೆ ಆ ಕ್ಲಬ್ಬುಗಳಲ್ಲಿ ನಾಲ್ಕು ಜನ ಸೇರಿ ನಗುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, 'ಇವತ್ತು ಅರ್ಧ ಕಿಲೋ ಇಳಿದಿರಿ' ಎಂದು ಚಪ್ಪಾಳೆ ತಟ್ಟುತ್ತಾರೆ. ಮಕ್ಕಳೆಲ್ಲ ವಿದೇಶದಲ್ಲಿದ್ದು ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವವರಿಗೆ ಅದು ಕಡಿಮೆ ಔಷಧಿಯಲ್ಲ. ಅದನ್ನು ನಮ್ಮ ಕ್ಲಿನಿಕ್ಕುಗಳು ಕೊಡಲಾರವು ಎಂಬುದನ್ನೂ ಒಪ್ಪಬೇಕು.

ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ಕೆಲವು ಮಾತುಗಳನ್ನು ಒತ್ತಿ ಹೇಳಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗಿ ಹಿಂದೆಯೇ ಶೇಕ್ ಕುಡಿಯುವವರು ಬಹಳ. ಸೋಯಾ, ಕ್ಯಾಲ್ಸಿಯಂ, ಕಬ್ಬಿಣ ಈ ಮೂರೂ ಆ ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ, ಮೂರೂ ಒಂದೇ ಲೋಟದಲ್ಲಿರಬಹುದು. ಮಾತ್ರೆಗೂ ಅಂಥ ಶೇಕಿಗೂ ನಾಲ್ಕು ಗಂಟೆ ಅಂತರವಿರಲಿ. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವವರು ಊಟ ಬಿಟ್ಟು ಶೇಕ್ ಕುಡಿದರೆ ಸಕ್ಕರೆ ಥಟ್ಟನೆ ಕುಸಿಯುತ್ತದೆ. ಚಾಮರಾಜಪೇಟೆಯ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಹೀಗೆಯೇ ಬೆಳಿಗ್ಗೆ ಬೆವೆತು ಬಚ್ಚಲಿನಲ್ಲಿ ಬಿದ್ದಿದ್ದರು. ಸಕ್ಕರೆ 42 ಇತ್ತು. ಸೊಸೆ ಸಮಯಕ್ಕೆ ಬಾಯಿಗೆ ಸಕ್ಕರೆ ಹಾಕದಿದ್ದರೆ ಕಷ್ಟವಿತ್ತು. ಪ್ರಜ್ಞೆಯಿದ್ದು ನುಂಗುವಂತಿದ್ದರೆ ಮಾತ್ರ ಹೀಗೆ ಬಾಯಿಗೆ ಹಾಕಬೇಕು, ಇಲ್ಲದಿದ್ದರೆ ನೇರ ಆಸ್ಪತ್ರೆಗೆ. ಇನ್ನು, ಮಾರುವವರ ಮಾತು ಕೇಳಿ ಬಿ.ಪಿ., ಸಕ್ಕರೆ ಮಾತ್ರೆ ತಾವೇ ನಿಲ್ಲಿಸುವವರಿದ್ದಾರೆ. ಅದು ಶುದ್ಧ ಅಪಾಯ. ಮೂತ್ರಪಿಂಡದ ಕಾಯಿಲೆಯವರು, ಬಸುರಿ ಬಾಣಂತಿಯರು, ಬೆಳೆಯುವ ಮಕ್ಕಳು ಇದರ ತಂಟೆಗೇ ಹೋಗಬಾರದು. ಬಹಳ ವೇಗವಾಗಿ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವುದೂ ಉಂಟು.

ಪಿತ್ತಜನಕಾಂಗದ ವಿಚಾರವಾಗಿಯೂ ವೈದ್ಯಕೀಯ ನಿಯತಕಾಲಿಕಗಳಲ್ಲಿ ವರದಿಗಳಿವೆ. 2007ರಲ್ಲಿ ಇಸ್ರೇಲ್ ಮತ್ತು ಸ್ವಿಟ್ಜರ್ಲೆಂಡಿನ ವೈದ್ಯರು ಹರ್ಬಲೈಫ್ ಉತ್ಪನ್ನಗಳನ್ನು ಬಳಸುತ್ತಿದ್ದ ಕೆಲವರಲ್ಲಿ ಪಿತ್ತಜನಕಾಂಗದ ಉರಿಯೂತ ಕಂಡಿದ್ದನ್ನು ಬರೆದರು. ಕಾರಣ ಉತ್ಪನ್ನವೇ ಎಂಬುದನ್ನು ಕಂಪನಿ ಒಪ್ಪಿಲ್ಲ. ಅನೇಕ ಪದಾರ್ಥಗಳನ್ನು ಒಟ್ಟಿಗೆ ಬಳಸುವವರಲ್ಲಿ ಇಂಥದ್ದೇ ಕಾರಣ ಎಂದು ತೋರಿಸುವುದೂ ಸುಲಭವಲ್ಲ. ಹಸಿರು ಚಹಾದ ಗಟ್ಟಿ ಸತ್ವ ಅತಿಯಾದರೆ ಪಿತ್ತಜನಕಾಂಗಕ್ಕೆ ತೊಂದರೆಯಾಗಬಹುದೆಂದು ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಯಾವ ಕಂಪನಿಯದೇ ಆಗಲಿ, ಇವನ್ನು ಬಳಸುವಾಗ ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಿ.

ಪುಡಿಯನ್ನು ಕದಡಿ ಕುಡಿಯುವುದು ನಮಗೇನು ಹೊಸದೂ ಅಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ದಶಕಗಳ ಹಿಂದೆಯೇ ಕಡಲೆಕಾಯಿ ಹಿಂಡಿಯ ಹಿಟ್ಟು, ಕಡಲೆಹಿಟ್ಟು ಬೆರೆಸಿ ಪೌಷ್ಟಿಕ ಪುಡಿ ತಯಾರಿಸಿದ್ದರು. ಹೊಟ್ಟೆಗಿಲ್ಲದವರ ಮೈ ತುಂಬಲೆಂದು! ಅದಕ್ಕೂ ಮೊದಲು ನಮ್ಮ ಅಜ್ಜಿಯರ ಹುರಿಹಿಟ್ಟು ಇತ್ತು. ಅರಳು ಮಾಡಿದ ರಾಗಿಯ ಹಿಟ್ಟು 30 ಗ್ರಾಂ, ಹುರಿಗಡಲೆಯ ಪುಡಿ 20 ಗ್ರಾಂ, ಕೆನೆ ತೆಗೆದ ಹಾಲು ಕಾಲು ಲೀಟರ್. ಸುಮಾರು 270 ಕ್ಯಾಲರಿ, 14 ಗ್ರಾಂ ಪ್ರೋಟೀನ್, ಕ್ಯಾಲ್ಸಿಯಂ ಧಾರಾಳ. ಡಬ್ಬಿಯಷ್ಟು ಜೀವಸತ್ವಗಳು ಇದರಲ್ಲಿಲ್ಲ, ಬೆಲ್ಲ ಸುರಿದರೆ ಲೆಕ್ಕ ತಪ್ಪುತ್ತದೆ. ಆದರೆ ತಿಂಗಳಿಗೆ ಐದಾರು ಸಾವಿರದ ಖರ್ಚಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಮೈ ಬೆಳೆಸಲು ಪ್ರೋಟೀನ್ ಪುಡಿಗಳ ಮೊರೆ ಹೋಗಬೇಡಿ ಎಂದೇ ಹೇಳಿದೆ.

ಆರು ತಿಂಗಳಿಂದ ಸುಸ್ತಿದ್ದರೆ ಡಬ್ಬಿಗೆ ಕೊಡುವ ಹಣದಲ್ಲಿ ಮೊದಲು ಹಿಮೋಗ್ಲೋಬಿನ್, ಟಿಎಸ್ಎಚ್, ಸಕ್ಕರೆ, ಬಿ12, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಎಲ್ಲ ಸರಿಯಿದ್ದೂ ಶೇಕ್ ಬೇಕೇ ಎನಿಸಿದರೆ ದಿನಕ್ಕೆ ಒಂದು ಹೊತ್ತಿಗೆ ಸಾಕು. ಡಬ್ಬಿಯನ್ನೂ ನೀವು ನುಂಗುವ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ನಿಮ್ಮ ವೈದ್ಯರಲ್ಲಿಗೆ ಹೋಗಿ, ಲೇಬಲ್ ಓದಲು ಕೇಳಿ. ಮಾರುವವರು ಹೆಚ್ಚಾಗಿ ಪಕ್ಕದ ಮನೆಯವರೇ, ನಾದಿನಿಯ ಸ್ನೇಹಿತೆಯೇ ಆಗಿರುತ್ತಾರೆ. ಅವರಲ್ಲಿ ಬಹುಮಂದಿ ಒಳ್ಳೆಯವರೇ, ಮನೆ ಖರ್ಚಿಗೆ ನಾಲ್ಕು ಕಾಸು ಬರಲಿ ಎಂದು ಹೊರಟವರು. ಮುಖ ಮುರಿಯುವಂತೆ ಬೇಡ ಎನ್ನಲು ಸಂಕೋಚವಾದರೆ, 'ನಮ್ಮ ಡಾಕ್ಟ್ರು ರಕ್ತ ಪರೀಕ್ಷೆ ಆಗೋವರೆಗೂ ಬೇಡ ಅಂದಿದ್ದಾರೆ' ಎಂದುಬಿಡಿ. ಬೈಯುವುದಾದರೆ ನಮ್ಮನ್ನೇ ಬೈದುಕೊಳ್ಳಲಿ.