ಎರಡು ಹನಿ ಲಸಿಕೆ ಮತ್ತು ತೆರೆದ ಚರಂಡಿ

2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಪುಟ್ಟ ಹೆಣ್ಣುಮಗುವೊಂದು ಪೋಲಿಯೊಗೆ ತುತ್ತಾಯಿತು. ಕಾಡು ಪೋಲಿಯೊ ವೈರಸ್‌ನಿಂದ ಭಾರತದಲ್ಲಿ ಅಂಗವಿಕಲವಾದ ಕೊನೆಯ ಮಗು ಅದು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ವಲಯವನ್ನು ಪೋಲಿಯೊ ಮುಕ್ತವೆಂದು ಪ್ರಮಾಣೀಕರಿಸಿತು. ಆದರೆ 2009ರಲ್ಲಿ ಇದೇ ದೇಶದಲ್ಲಿ 741 ಮಕ್ಕಳು ಈ ರೋಗಕ್ಕೆ ಬಲಿಪಶುಗಳಾಗಿದ್ದರು. ಜಗತ್ತಿನ ಬೇರಾವ ದೇಶದಲ್ಲೂ ಆ ವರ್ಷ ಅಷ್ಟು ಪ್ರಕರಣಗಳಿರಲಿಲ್ಲ. ಎರಡೇ ವರ್ಷಗಳಲ್ಲಿ ಈ ಬದಲಾವಣೆ ಹೇಗೆ ಸಾಧ್ಯವಾಯಿತೆಂಬುದನ್ನು ಮುಸ್ಲಿಮ್ ಸಮುದಾಯವು ವಿಶೇಷವಾಗಿ ಅರಿತುಕೊಳ್ಳಬೇಕಾಗಿದೆ. ಏಕೆಂದರೆ ಆ ದಿನಗಳಲ್ಲಿ ಎಲ್ಲರ ಬೆರಳೂ ನಮ್ಮತ್ತಲೇ ಚಾಚಿತ್ತು.

ಪಶ್ಚಿಮ ಉತ್ತರ ಪ್ರದೇಶದ ಮುರಾದಾಬಾದ್ ಮುಂತಾದ ಜಿಲ್ಲೆಗಳ ಮುಸ್ಲಿಮ್ ಮೊಹಲ್ಲಾಗಳಲ್ಲಿ ಅನೇಕ ಕುಟುಂಬಗಳು ಲಸಿಕೆ ಹಾಕುವವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಈ ಹನಿಗಳಿಂದ ಸಂತಾನಶಕ್ತಿ ನಾಶವಾಗುತ್ತದೆಂಬ ವದಂತಿ ಹಬ್ಬಿತ್ತು. ವದಂತಿ ಶುದ್ಧ ಸುಳ್ಳು. ಆದರೆ ಅದು ಬೇರು ಬಿಟ್ಟ ನೆಲ ಸುಳ್ಳಾಗಿರಲಿಲ್ಲ. ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಕಣ್ಣಾರೆ ಕಂಡ ಹಿರಿಯರು ಆ ಮನೆಗಳಲ್ಲಿ ಬದುಕಿದ್ದರು. ಮಗುವಿಗೆ ಜ್ವರ ಬಂದಾಗ ಸಿಗದ ಸರಕಾರಿ ವೈದ್ಯ, ಕೇಳದಿದ್ದರೂ ಮತ್ತೆ ಮತ್ತೆ ಹನಿ ಹಾಕಲು ಮಾತ್ರ ಮನೆಬಾಗಿಲಿಗೆ ಬರುವುದೇಕೆ ಎಂಬ ಪ್ರಶ್ನೆಯನ್ನು ಮೌಢ್ಯವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ.

ವಿಚಿತ್ರವೆಂದರೆ, ಹತ್ತಕ್ಕೂ ಹೆಚ್ಚು ಸಲ ಹನಿ ಹಾಕಿಸಿಕೊಂಡ ಮಕ್ಕಳಿಗೂ ಅಲ್ಲಿ ರೋಗ ಬರುತ್ತಿತ್ತು. ಇದಕ್ಕೆ ಉತ್ತರ ದೊರೆತದ್ದು ಗಣಿತ ಬಲ್ಲ ರೋಗವಿಜ್ಞಾನಿಗಳಿಂದ. 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೇಶದ ಉಳಿದೆಡೆ ಒಂದು ಬಾರಿಯ ಹನಿ ಸುಮಾರು 21 ಶೇಕಡಾ ರಕ್ಷಣೆ ನೀಡುತ್ತಿದ್ದರೆ, ಉತ್ತರ ಪ್ರದೇಶದಲ್ಲಿ ಅದು ಕೇವಲ 9 ಶೇಕಡಾ ಆಗಿತ್ತು. ಕಾರಣ, ಕಿಕ್ಕಿರಿದ ವಸತಿ ಮತ್ತು ಶೌಚ ವ್ಯವಸ್ಥೆಯ ಅಭಾವ. ಸದಾ ಭೇದಿಯಿಂದ ನರಳುವ ಮಗುವಿನ ಕರುಳಿನಲ್ಲಿ ಲಸಿಕೆ ನೆಲೆಯೂರುವುದೇ ಕಷ್ಟ. ಅಂದರೆ ತಾಯಂದಿರ ಹಿಂಜರಿಕೆಯಷ್ಟೇ ನಗರಸಭೆಯ ತೆರೆದ ಚರಂಡಿಯೂ ಅಪರಾಧಿಯಾಗಿತ್ತು. ಬೈಗುಳ ಮಾತ್ರ ತಾಯಂದಿರ ಪಾಲಿಗೆ ಬಂದಿತ್ತು!

ಈ ಸತ್ಯ ಹೊರಬಿದ್ದ ಮೇಲೆ ಕಾರ್ಯವಿಧಾನವೂ ಬದಲಾಯಿತು. ವೈರಾಣು ತಜ್ಞರು 2010ರ ಆರಂಭದಲ್ಲಿ ಹೊಸ ದ್ವಿವಿಧ ಲಸಿಕೆಯನ್ನು ಒದಗಿಸಿದರು. ಪ್ರಯೋಗಾಲಯಗಳಲ್ಲಿ ಒಳಚರಂಡಿಯ ನೀರಿನ ಪರೀಕ್ಷೆ ನಡೆಯಿತು. ಉತ್ತರ ಪ್ರದೇಶದ 66 ಮತ್ತು ಬಿಹಾರದ 41, ಹೀಗೆ 107 ಬ್ಲಾಕ್‌ಗಳನ್ನು ಗುರುತಿಸಿ, ಅಲ್ಲಿ ಲಸಿಕೆಯೊಂದಿಗೆ ಕೈತೊಳೆಯುವಿಕೆ, ಎದೆಹಾಲು, ಭೇದಿಯ ಚಿಕಿತ್ಸೆ, ಶುದ್ಧ ನೀರು ಇವೆಲ್ಲವನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳಲಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಸಮಾಜ ವಿಜ್ಞಾನ ಬಲ್ಲವರು ಜನರ ಮಾತನ್ನು ಕಿವಿಗೊಟ್ಟು ಕೇಳಿದರು. ಅದೇ ಮೊಹಲ್ಲಾದ ಮಹಿಳೆಯರು ಮನೆಮನೆಗೆ ಹೋದರು. ಅಲೀಗಢ್ ಮುಸ್ಲಿಮ್ ವಿಶ್ವವಿದ್ಯಾನಿಲಯ ಮತ್ತು ಜಾಮಿಯಾ ಮಿಲ್ಲಿಯಾದಂತಹ ಸಂಸ್ಥೆಗಳು ಕೈಜೋಡಿಸಿದವು. ಉಲೆಮಾಗಳು ಮುಂದೆ ಬಂದರು, ಮಸೀದಿಯ ಧ್ವನಿವರ್ಧಕದಿಂದ ಕರೆ ಹೊರಟಿತು. ವೈದ್ಯನೊಬ್ಬನಿಂದಾಗಲಿ ಮೌಲಾನಾರೊಬ್ಬರಿಂದಾಗಲಿ ಆಗದ ಕೆಲಸ ಹೀಗೆ ನಡೆಯಿತು.

ಇಸ್ಲಾಮೀ ಇತಿಹಾಸ ಬಲ್ಲವರಿಗೆ ಇದು ಹೊಸತಲ್ಲ. ಸಿರಿಯಾದಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ತಿಳಿದಾಗ ಖಲೀಫಾ ಉಮರ್(ರ) ಸರ್ಗ್ ಎಂಬಲ್ಲಿ ಪಯಣ ನಿಲ್ಲಿಸಿದರು. ಮುಹಾಜಿರ್‌ಗಳನ್ನೂ ಅನ್ಸಾರ್‌ಗಳನ್ನೂ ಕುರೈಶ್ ಹಿರಿಯರನ್ನೂ ಪ್ರತ್ಯೇಕವಾಗಿ ಕರೆದು ಸಮಾಲೋಚಿಸಿ ಹಿಂದಿರುಗಲು ತೀರ್ಮಾನಿಸಿದರು. ರೋಗಪೀಡಿತ ನಾಡನ್ನು ಪ್ರವೇಶಿಸಬಾರದು, ಅಲ್ಲಿಂದ ಪಲಾಯನ ಮಾಡಲೂಬಾರದು ಎಂಬ ಪ್ರವಾದಿ(ಸ)ರವರ ಆದೇಶವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಆ ಬಳಿಕ ತಿಳಿಸಿದಾಗ ಉಮರ್(ರ) ಅಲ್ಲಾಹನನ್ನು ಸ್ತುತಿಸಿದರು.

ಕರ್ನಾಟಕವೂ ಈ ಪಾಠದಿಂದ ಹೊರತಲ್ಲ. 2017ರ ಫೆಬ್ರವರಿಯಲ್ಲಿ ಇಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾದಾಗ ಅದೇ ಹಳೆಯ ವದಂತಿಗಳು ಈ ಬಾರಿ ಮೊಬೈಲ್ ಮೂಲಕ ಮನೆಯೊಳಗೆ ಬಂದವು. ಅವುಗಳನ್ನು ಇತರರಿಗೆ ರವಾನಿಸಿದವರಲ್ಲಿ ವಿದ್ಯಾವಂತರೂ ಇದ್ದರೆಂಬುದು ನಾಚಿಕೆಗೇಡು. 2011ರಲ್ಲಿ ಪಾಕಿಸ್ತಾನದ ಅಬ್ಬೊಟಾಬಾದ್‌ನಲ್ಲಿ ಅಮೆರಿಕದ ಸಿಐಎ ಬೇಹುಗಾರಿಕೆಗಾಗಿ ಸುಳ್ಳು ಲಸಿಕಾ ಅಭಿಯಾನ ನಡೆಸಿದ್ದನ್ನು ಕೆಲವರು ನೆನಪಿಸುತ್ತಾರೆ. ಅದು ನಿಜ, ಅತ್ಯಂತ ಖಂಡನೀಯ. ಆದರೆ ಅದರ ಬೆಲೆ ತೆತ್ತವರು ಪಾಕಿಸ್ತಾನದ ಮಕ್ಕಳು ಮತ್ತು ಗುಂಡಿಗೆ ಬಲಿಯಾದ ಲಸಿಕಾ ಕಾರ್ಯಕರ್ತೆಯರೇ ಹೊರತು ಸಿಐಎ ಅಲ್ಲ.

ಸರಕಾರದೊಂದಿಗೂ ನಮಗೆ ಕೇಳಲಿಕ್ಕಿದೆ. ಪೋಲಿಯೊ ಹೋಯಿತು, ಚರಂಡಿ ಮುಚ್ಚಿತೇ? ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳಲ್ಲಿ ಮೂಲ ಸೌಕರ್ಯಗಳ ಕೊರತೆಯಿದೆಯೆಂದು ಸಾಚಾರ್ ಸಮಿತಿ 2006ರಲ್ಲೇ ವರದಿ ಮಾಡಿತ್ತು. ಹನಿ ಹಾಕುವ ದಿನ ಸಮುದಾಯದ ಸಹಕಾರ ಬೇಡುವ ಆಡಳಿತವು ವಾರ್ಡ್‌ನ ನೀರು-ನೈರ್ಮಲ್ಯದ ಯೋಜನೆ ರೂಪಿಸುವ ದಿನವೂ ಜಮಾಅತ್‌ನ ಪ್ರತಿನಿಧಿಗಳನ್ನು ಕರೆಯಬೇಕು.

ಇತ್ತ ನಮ್ಮ ಹೆತ್ತವರು ಮಕ್ಕಳಿಗೆ ಇಂಜಿನಿಯರಿಂಗ್ ಇಲ್ಲವೇ ಮೆಡಿಕಲ್ ಎಂಬ ಎರಡೇ ಬಾಗಿಲುಗಳನ್ನು ತೋರಿಸುತ್ತಿದ್ದಾರೆ. ಸಂಖ್ಯಾಶಾಸ್ತ್ರ, ಸಮಾಜಶಾಸ್ತ್ರ, ಸಾರ್ವಜನಿಕ ಆರೋಗ್ಯ, ನಗರ ಯೋಜನೆಗಳನ್ನು ಕಲಿತವರು ನಮ್ಮ ಜಮಾಅತ್‌ಗಳಲ್ಲಿ ಎಷ್ಟು ಮಂದಿಯಿದ್ದಾರೆ? ವರ್ಷಂಪ್ರತಿ ವಿದ್ಯಾರ್ಥಿವೇತನ ಹಂಚುವ ಸಂಘ-ಸಂಸ್ಥೆಗಳು ಈ ಸಾಲಿನಲ್ಲಿ ಒಂದೆರಡನ್ನಾದರೂ ಈ ವಿಷಯಗಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮೀಸಲಿಡಲಿ.